ನಾನು ಎಣ್ಣೆ ಬಿಟ್ಟ ಹಾಡು

ಮೊನ್ನೆ ಪೀಣ್ಯದಿಂದ ಲಗ್ಗೆರೆಗೆ ಬರಲು ಒಂದು ಆಟೋ ಹತ್ತಿದೆ. ಡ್ರೈವರು ತನ್ನ ಫೋನನ್ನು ಹ್ಯಾಂಡಲಿನ ಪಕ್ಕ ಸಿಕ್ಕಿಸಿಕೊಂಡು, ಹಿಂದಿನ ಸೀಟಿನ ಹತ್ತಿರವಿದ್ದ ಸ್ಪೀಕರಿಗೆ ಹಾಡು ಬಿಟ್ಟಿದ್ದ. ಒಂದರ ಹಿಂದೊಂದು ಹಾಡು ತಾನಾಗಿ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಹೊಸದೊಂದು ಶುರುವಾಯಿತು. ಶುರುವಿಗೆ ದನಿಯಿಲ್ಲ, ವಾದ್ಯವಿಲ್ಲ, ಬರೀ ಕಿರ್... ಕಿರ್... ಎನ್ನುವ ಸದ್ದು. ಡ್ರೈವರು ಕೈ ಹಿಂದೆ ಚಾಚಿ ಸ್ಪೀಕರಿನ ನೆತ್ತಿಗೆ ಎರಡು ಬಾರಿಸಿದ. ಮೊನ್ನೆ ತಾನೇ ಹಾಕಿಸಿದ್ದಂತೆ, ಆಗಲೇ ಹೋಯಿತಂತೆ. ಸ್ಪೀಕರ್ ಚೆನ್ನಾಗಿದೆ ಕಣಪ್ಪ, ಹಾಡೇ ಹಾಗೆ ಶುರುವಾಗುತ್ತೆ ಎಂದೆ. ನಿಮಗೆ ಹೆಂಗೆ ಗೊತ್ತು ಸಾರ್ ಎಂದ. "ನಮ್ಮನೆ ಮಾಳಿಗೆ ಮೇಲೆ ಹುಟ್ಟಿದ ಹಾಡು ಅದು" ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ ಗಾಡಿ ಮುಂದೆ ಬಿಟ್ಟ. ನಂಬಲಿಲ್ಲ ಎಂದು ಕಾಣುತ್ತದೆ. ನಂಬದಿದ್ದರೆ ಅವನ ತಪ್ಪೇನೂ ಇಲ್ಲ. ಮಂಡಿಗೆ ಪಟ್ಟಿ ಸುತ್ತಿಕೊಂಡು, ಕೈಯಲ್ಲಿ ನುಗ್ಗೆಕಾಯಿಯ ಚೀಲ ಹಿಡಿದ ಮುದುಕನನ್ನು ನೋಡಿ ಯಾರಿಗೆ ತಾನೇ ಹಾಡಿನ ನೆನಪಾಗುತ್ತದೆ? ಆದರೂ ನನಗೆ ತಡೆಯಲಿಲ್ಲ. ನಾನು ಸ್ವಲ್ಪ ಜಂಬದ ಮನುಷ್ಯ. ನನ್ನ ಹೆಂಡತಿ ಈ 'ಸ್ವಲ್ಪ' ಎನ್ನುವ ಮಾತನ್ನು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ನನ್ನ ಜಂಬವೆಲ್ಲ ಇರುವುದು ಕಿವಿಯಲ್ಲಿ. ಸರ್ಕಾರಿ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವನು ನಾನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮಷೀನಿನ ಮೈಗೆ ಒತ್ತಿ, ಅದರ ಹಿಡಿಯನ್ನು ಕಿವಿಗಿಟ್ಟುಕೊಂಡರೆ ಒಳಗೆ ಯಾವ ಬೇರಿಂಗ್ ಸಾಯುತ್ತಿದೆ ಎಂದು ಹೇಳಿಬಿಡುತ್ತಿದ್ದೆ. ಇಂಜಿನಿಯರುಗಳು ಮೀಟರು ಗೀಟರು ತರುವಷ್ಟರಲ್ಲಿ ನಾನು ಕೈ ತೊಳೆದುಕೊಂಡು ಕಾಫಿಗೆ ಹೋಗಿರುತ್ತಿದ್ದೆ. ಈ ವಿದ್ಯೆಯ ತೊಂದರೆ ಏನೆಂದರೆ ಗೇಟು ದಾಟಿದ ಮೇಲೂ ಕಿವಿ ಡ್ಯೂಟಿ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ನಾಗಸ್ವರ ಕೇಳುತ್ತಿದ್ದರೆ ನಾನು ಹಿತ್ತಲಿನ ಜನರೇಟರ್ ಕೇಳುತ್ತಿರುತ್ತೇನೆ. ಬೀಗರ ಮನೆಗೆ ಮೊದಲ ಸಲ ಹೋದಾಗ, ತಾಂಬೂಲ ಕೊಡುವುದಕ್ಕೂ ಮುಂಚೆ ಅವರ ಬಾಗಿಲಿನ ಕೀಲಿಗೆ ಎಣ್ಣೆ ಕೇಳಿದವನು ನಾನು. ಅಂದಿನಿಂದ ನಾವು ಎಲ್ಲಿಗೆ ಹೊರಟರೂ ನನ್ನ ಹೆಂಡತಿ ಮೊದಲು ನನ್ನ ಚೀಲ ತಡಕಿ, ಎಣ್ಣೆ ಡಬ್ಬಿ ತೆಗೆದಿಟ್ಟು ಆಮೇಲೆ ಮನೆಗೆ ಬೀಗ ಹಾಕುತ್ತಾಳೆ.

ಇಂಥ ಮನುಷ್ಯನ ತಲೆಯ ಮೇಲಕ್ಕೆ ಹುಲಿಗೆಮ್ಮ ಬಂದಳು.

ನಮ್ಮ ಮಾಳಿಗೆಯ ಮೇಲೆ ಶೀಟು ಹೊದಿಸಿದ ಒಂದು ರೂಮಿದೆ, ಅದಕ್ಕೆ ಬಾಡಿಗೆಗೆ ಬಂದವಳು. ಕೊಪ್ಪಳದ ಕಡೆಯವಳು, ಮೂವತ್ತು ದಾಟಿದವಳು, ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ. ಬಂದ ದಿನ ಅವಳ ಜೊತೆ ಇದ್ದದ್ದು ಒಂದು ಟ್ರಂಕು, ನಾಲ್ಕು ಕೌದಿ ಮತ್ತು ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಷೀನು. ಮಷೀನು ಅವಳ ತಾಯಿಯದು, ಹಳೆ ಸೀರೆ ಸೇರಿಸಿ ಕೌದಿ ಹೊಲಿದವಳೂ ತಾಯಿಯೇ. ತಾಯಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಅದನ್ನು ಹೊತ್ತವರು ಗೋಡೆಗೆ ತಾಗಿಸಿದಾಗ ನಾನು ಗೋಡೆಯ ಬಣ್ಣ ನೋಡಿದೆ, ಅವಳು ಮಷೀನು ಸವರಿದಳು. ನನ್ನನ್ನು ಮೊದಲ ದಿನದಿಂದಲೇ ಕಾಕಾರ, ಅಂದರೆ ಚಿಕ್ಕಪ್ಪ, ಎಂದು ಕರೆದಳು. ನನ್ನ ಹೆಂಡತಿ ಚಿಗವ್ವ ಆದಳು. ಹೀಗೆ ಸಂಬಂಧ ಕಟ್ಟಿಕೊಂಡವರ ಜೊತೆ ಗೋಡೆಯ ಬಣ್ಣದ ಜಗಳ ಆಡುವುದಾದರೂ ಹೇಗೆ?

ಕಾರ್ಖಾನೆಯಲ್ಲಿ ಅವಳ ಕೆಲಸ ಅಂಗಿಯ ಪಕ್ಕದ ಹೊಲಿಗೆ ಹಾಕುವುದು, ಅಷ್ಟೇ. ಕಾಲರು ಒಬ್ಬಳದು, ತೋಳು ಇನ್ನೊಬ್ಬಳದು, ಗುಂಡಿ ಮತ್ತೊಬ್ಬಳದು. ಬೆಳಗಿನಿಂದ ಸಂಜೆವರೆಗೆ ಕಂಕುಳಿಂದ ಸೊಂಟದವರೆಗೆ ಒಂದು ಗೆರೆ, ಮತ್ತೆ ಇನ್ನೊಂದು ಅಂಗಿ, ಅದೇ ಗೆರೆ. ಹನ್ನೆರಡು ವರ್ಷ ಹೀಗೆ ಹೊಲಿದಿದ್ದಾಳೆ. ಇಡೀ ಅಂಗಿಯೋ ಕುಪ್ಪಸವೋ ಹೊಲಿಯಬೇಕೆಂದರೆ ಸಂಜೆ ಮನೆಗೆ ಬಂದು ತಾಯಿಯ ಮಷೀನಿನ ಮುಂದೆ ಕೂರಬೇಕು. ಕೂತಳು ಎಂದರೆ ನನ್ನ ತಲೆಯ ಮೇಲೆ ಶುರು: ಕಿರ್... ಕಿರ್...

ನಿಮಗೆ ಹಲ್ಲುನೋವು ಬಂದಿದ್ದರೆ ನನ್ನ ಅವಸ್ಥೆ ಗೊತ್ತಾಗುತ್ತದೆ. ಪೆಡಲಿನಿಂದ ಚಕ್ರಕ್ಕೆ ಹೋಗುವ ಕಡ್ಡಿಯ ಬುಡದಲ್ಲಿ ಬುಷ್ ಎನ್ನುವ ಲೋಹದ ಉಂಗುರ ಸವೆದಿದೆ, ಎಣ್ಣೆ ಕಾಣದೆ ವರ್ಷಗಳಾಗಿವೆ ಎಂದು ನಾನು ಕೆಳಗಿನ ಮನೆಯಲ್ಲಿ ಊಟ ಮಾಡುತ್ತಲೇ ಪತ್ತೆ ಮಾಡಿದ್ದೆ. ಒಂದು ನಿಮಿಷದ ಕೆಲಸ. ಆದರೆ ಹೆಂಡತಿ ಬಿಡಲಿಲ್ಲ. ಒಬ್ಬಂಟಿ ಹೆಣ್ಣುಮಗಳ ರೂಮಿಗೆ ಎಣ್ಣೆ ಡಬ್ಬಿ ಹಿಡಿದು ಹೋದರೆ ಚೆನ್ನಾಗಿರುತ್ತಾ, ಬೇಕಿದ್ದರೆ ಅವಳೇ ಕೇಳುತ್ತಾಳೆ ಎಂದಳು. ಅವಳು ಕೇಳಲೇ ಇಲ್ಲ. ವಿಚಿತ್ರವೆಂದರೆ, ಮಷೀನಿನ ತಲೆಗೆ ಅವಳು ಪ್ರತಿ ಭಾನುವಾರ ತಪ್ಪದೆ ಎಣ್ಣೆ ಬಿಡುತ್ತಿದ್ದಳು. ಕೆಳಗಿನ ಪೆಡಲಿಗೆ ಮಾತ್ರ ಒಂದು ಹನಿಯೂ ಇಲ್ಲ. ಹನ್ನೆರಡು ವರ್ಷ ಗಾರ್ಮೆಂಟ್ಸಿನಲ್ಲಿದ್ದೂ ಇಷ್ಟು ತಿಳಿಯದಲ್ಲ ಎಂದು ನಾನು ಮನಸ್ಸಿನಲ್ಲೇ ಮರುಗಿದೆ. ತಿಳಿಯದವನು ಯಾರು ಎಂಬುದು ನಿಮಗೆ ಮುಂದೆ ಗೊತ್ತಾಗುತ್ತದೆ.

ಆ ಸದ್ದಿನ ಜೊತೆಗೆ ಮೆಲ್ಲನೆ ಒಂದು ದನಿಯೂ ಇಳಿದು ಬರುತ್ತಿತ್ತು. ಹುಲಿಗೆಮ್ಮ ಹಾಡು ಕಟ್ಟುತ್ತಾಳೆ ಎಂದು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. ಕಾರ್ಖಾನೆಯಲ್ಲಿ ಬಟ್ಟೆಯ ಕಟ್ಟಿಗೆ ಸಿಕ್ಕಿಸಿ ಬರುವ ಚೀಟಿಗಳಿರುತ್ತವಲ್ಲ, ಕೆಲಸ ಮುಗಿದ ಮೇಲೆ ಎಸೆಯುವಂಥವು, ಅವುಗಳ ಬೆನ್ನ ಮೇಲೆ ಬರೆದು ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಜೊತೆಯವರಿಗೆ ಹಾಡಿ ತೋರಿಸುತ್ತಿದ್ದಳಂತೆ. ಅವರೇ ಒತ್ತಾಯ ಮಾಡಿ, ಎಂಟು ಹಾಡು ಸೇರಿಸಿ ಒಂದು ಆಲ್ಬಮ್ ಮಾಡು ಎಂದರು. ಹಾಡು ಕೇಳಿದರೆ ದನಿ ಗೊತ್ತಾಗುತ್ತದೆ, ನಾವು ಹೇಗಿದ್ದೇವೆ ಎಂದು ಗೊತ್ತಾಗುವುದಿಲ್ಲ, ಅದಕ್ಕೆ ಜೊತೆಗೊಂದು ಸಿನಿಮಾನೂ ಬೇಕು ಎಂದವಳು ಹುಲಿಗೆಮ್ಮ. ಎರಡಕ್ಕೂ ಒಂದೇ ಹೆಸರು ಇಟ್ಟಳು: 'ಒಳಹೊಲಿಗೆ'.

ಸಿನಿಮಾ ತೆಗೆಯಲು ಸಿಕ್ಕವನು ನಮ್ಮ ರಸ್ತೆಯ ಚಂದ್ರು. ಮದುವೆ, ಸೀಮಂತ, ನಾಮಕರಣದ ವಿಡಿಯೊ ತೆಗೆಯುವವನು. ಯಾರನ್ನು ತೋರಿಸಿದರೂ ಸುತ್ತ ಗುಲಾಬಿ ಎಸಳು ಉದುರಿಸುವ ಅಭ್ಯಾಸ ಅವನಿಗೆ. ಅದನ್ನು ಬಿಡಿಸಲು ಹುಲಿಗೆಮ್ಮನಿಗೆ ಎರಡು ಭಾನುವಾರ ಹಿಡಿಯಿತು. ಆಮೇಲೆ ಮಾತ್ರ ಅವನು ಅವಳ ಮಾತನ್ನು ಮೀರಲಿಲ್ಲ.

ಮೊದಲು ಆಲ್ಬಮ್ ಆಯಿತು. ನಮ್ಮ ಬೀದಿಯಲ್ಲಿ ಮನೆಗೊಂದು ಕಬ್ಬಿಣ ಕಡೆಯುವ ಲೇತ್ ಮಷೀನು. ಭಾನುವಾರ ಬೆಳಗ್ಗೆ ಮಾತ್ರ ಅವು ಬಾಯಿ ಮುಚ್ಚುತ್ತವೆ. ಆ ಹೊತ್ತಿನಲ್ಲಿ ಶೀಟು ರೂಮಿನ ನಾಲ್ಕು ಗೋಡೆಗೂ ನಾಲ್ಕು ಕೌದಿ ತೂಗುಹಾಕಿ, ನಡುವೆ ಕೂತು ಹಾಡುತ್ತಿದ್ದಳು, ಚಂದ್ರು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ನನಗೆ ಹೊರಗಿನ ಸದ್ದು ತಡೆಯುವ ಕೆಲಸ. ನೀರಿನ ಮೋಟರು ನಿಲ್ಲಿಸಿದೆ, ಪಕ್ಕದ ಮನೆಯ ಕುಕ್ಕರು ಇಳಿಸಿದೆ, ಸೊಪ್ಪಿನ ಗಾಡಿಯವನ ಮೈಕಿಗೆ ಕೈ ಮುಗಿದೆ. ಆ ಏಳೆಂಟು ಭಾನುವಾರ ನನ್ನಷ್ಟು ಮುಖ್ಯವಾದ ಮನುಷ್ಯ ಲಗ್ಗೆರೆಯಲ್ಲಿ ಇನ್ನೊಬ್ಬನಿರಲಿಲ್ಲ ಎಂದೇ ನನ್ನ ಭಾವನೆ.

ಆರನೆಯ ಹಾಡು ತಾಯಿಯ ಮೇಲಿನದು. ಅದಕ್ಕೆ ಬೇರೆ ತಾಳವಿಲ್ಲ. ಮಷೀನು ತುಳಿಯುತ್ತಾ ಹಾಡಿದಳು.

ಕಿರ್ ಅಂದ್ರ ಮಲಗಿದ್ನಿ, ನಿಂತ್ರ ಎದ್ದು ಕುಂತಿದ್ನಿ,
ಹೇಳವ್ವ, ನಿನ್ನ ಕಾಲು ಮಲಗಿದ್ದು ಯಾವಾಗ?

ಮೆಟ್ಟಿಲ ಮೇಲೆ ಕಾವಲು ಕೂತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಕೇಳಿಸಿಕೊಂಡು ಏನು ಮಾಡಿದೆ ಗೊತ್ತೇ? ಕೆಳಗಿಳಿದು ಬಂದ ಚಂದ್ರುವಿನ ಹತ್ತಿರ, ಪಾಪ, ಆ ಹಾಳು ಸದ್ದು ಹಾಡಿನೊಳಗೆ ಸೇರಿಕೊಂಡುಬಿಟ್ಟಿತಲ್ಲ ಎಂದು ಸಂತಾಪ ಹೇಳಿದೆ. ಅವನು ತಲೆ ಕೆರೆದುಕೊಂಡು ಹೋದ.

ಆಮೇಲೆ ಸಿನಿಮಾ. ಅದಕ್ಕೆ ಹುಲಿಗೆಮ್ಮ ಒಂದು ಕಟ್ಟಳೆ ಹಾಕಿದಳು: ಆಲ್ಬಮ್ಮಿನ ಹಾಡು ಹಾಕಿಕೊಂಡು ಕ್ಯಾಮೆರಾ ಮುಂದೆ ತುಟಿ ಆಡಿಸುವುದಿಲ್ಲ, ಪ್ರತಿ ಹಾಡನ್ನೂ ಅಲ್ಲೇ, ಆ ಜಾಗದಲ್ಲೇ ಮತ್ತೆ ಹಾಡಬೇಕು. ಅವಳ ಕಾರ್ಖಾನೆಗೆ ಹೊರಗಿನವರು ನೋಡಲು ಬಂದಾಗಲೆಲ್ಲ ಏನು ಹೇಳಬೇಕು, ಎಷ್ಟು ನಗಬೇಕು ಎಂದು ಮೊದಲೇ ಹೇಳಿಕೊಡುತ್ತಿದ್ದರಂತೆ. "ಬಾಯಿ ಆಡ್ಸೋ ಕೆಲಸ ಅಲ್ಲೇ ಭಾಳ ಮಾಡೀನ್ರಿ ಕಾಕಾರ, ಇಲ್ಲಿ ಬ್ಯಾಡ" ಎಂದಳು. ಹಾಗೆ ಏಳು ಹಾಡು ಮುಗಿದವು. ಬಸ್ ಸ್ಟಾಪಿನಲ್ಲಿ ಒಂದು, ನಲ್ಲಿಯ ಮುಂದೆ ಒಂದು, ಊಟದ ಡಬ್ಬಿ ತೊಳೆಯುತ್ತಾ ಒಂದು. ಉಳಿದದ್ದು ತಾಯಿಯ ಹಾಡು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಂಘದ ಸಭೆಯಲ್ಲಿ ಸಿನಿಮಾ ತೋರಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಐದು ಭಾನುವಾರ ಉಳಿದಿದ್ದವು. ಅಷ್ಟರಲ್ಲಿ ತಾಯಿಯ ವರ್ಷದ ಕಾರ್ಯಕ್ಕೆಂದು ಹುಲಿಗೆಮ್ಮ ಊರಿಗೆ ಹೊರಟಳು. ರೂಮಿನ ಕಿಟಕಿಯಲ್ಲಿಟ್ಟ ತುಳಸಿಗೆ ನೀರು ಹಾಕಲೆಂದು ಬೀಗದ ಕೈ ನಮಗೆ ಕೊಟ್ಟು ಹೋದಳು.

ಇಷ್ಟು ಹೇಳಿದ ಮೇಲೆ ನಾನು ಏನು ಮಾಡಿದೆನೆಂದು ನಿಮಗೆ ಹೊಳೆದಿರಬೇಕು.

ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ. ಅಷ್ಟು ಜನ ನೋಡುವ ಸಿನಿಮಾದಲ್ಲಿ ಮಷೀನು ಹಾಗೆ ಅರಚಿದರೆ ಹುಡುಗಿಗೆ ಅವಮಾನ ಎಂದುಕೊಂಡೆ. ಹೆಂಡತಿ ತಂಗಿಯ ಮನೆಗೆ ಹೋದ ಮಧ್ಯಾಹ್ನ ಮೇಲೆ ಹೋಗಿ, ಪೆಡಲು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಬುಷ್ ತೆಗೆದು ಹೊಸದು ಕೂರಿಸಿದೆ. ಹಳೆಯದನ್ನು ಗುಜರಿಯ ಚೀಲಕ್ಕೆ ಎಸೆದೆ. ಎಣ್ಣೆ ಬಿಟ್ಟು ತುಳಿದು ನೋಡಿದರೆ, ಮಷೀನು ಓಡುತ್ತಿದೆ ಎಂದು ತಿಳಿಯಲು ಕಣ್ಣಿಂದಲೇ ನೋಡಬೇಕು, ಅಷ್ಟು ನಯ. ನನ್ನ ಸರ್ವಿಸಿನಲ್ಲೇ ಅಂಥ ಕೆಲಸ ಮಾಡಿರಲಿಲ್ಲ.

ಭಾನುವಾರ ಬೆಳಗ್ಗೆ ಹುಲಿಗೆಮ್ಮ ಊರಿನಿಂದ ಬಂದಳು. ಚಂದ್ರು ಆಗಲೇ ಕ್ಯಾಮೆರಾ ಜೋಡಿಸಿಟ್ಟಿದ್ದ. ನಾನು ಬಾಗಿಲಲ್ಲಿ, ಶಾಲೆಯಲ್ಲಿ ಬಹುಮಾನಕ್ಕೆ ಕಾಯುವ ಹುಡುಗನ ಹಾಗೆ ನಿಂತಿದ್ದೆ. ಅವಳು ಕೂತು ಪೆಡಲಿನ ಮೇಲೆ ಕಾಲಿಟ್ಟು ತುಳಿದಳು. ಸದ್ದಿಲ್ಲ. ನಿಲ್ಲಿಸಿ ಮತ್ತೆ ತುಳಿದಳು. ಬಗ್ಗಿ ಕಡ್ಡಿಯ ಬುಡವನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಕಾಕಾರ, ಎಣ್ಣಿ ಬಿಟ್ರೇನ್ರಿ?"

ಎಣ್ಣೆ ಏನು ಬಂತು, ಬುಷ್ಷೇ ಬದಲಾಯಿಸಿದ್ದೀನಿ ಎಂದೆ. ಅವಳು ಚಲೋ ಮಾಡೀರಿ ಎಂದಳು, ಎದ್ದು ಬಿಂದಿಗೆ ತೆಗೆದುಕೊಂಡು ನೀರಿಗೆ ಹೋದಳು. ಬಿಂದಿಗೆಯ ತುಂಬ ಆಗಲೇ ನೀರಿತ್ತು. ಅದನ್ನು ಗಮನಿಸಿದ್ದು ಸಹ ನಾನಲ್ಲ, ನನ್ನ ಹೆಂಡತಿ. ಕಾಫಿ ಹಿಡಿದು ಮೇಲೆ ಬಂದ ಅವಳು ಮಷೀನನ್ನೂ ನನ್ನನ್ನೂ ಒಂದು ಸಲ ನೋಡಿ, ಲೋಟಗಳನ್ನು ಕೆಳಗಿಟ್ಟಳು. "ಅದು ಅವಳ ತಾಯಿ ದನಿ ಕಣ್ರೀ" ಎಂದಳು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಕೂಸಾಗಿದ್ದಾಗ ಅವಳು ಮಲಗಿದ್ದು ಆ ಸದ್ದಿಗೆ; ಪೆಡಲಿಗೆ ಬೇಕೆಂದೇ ಎಣ್ಣೆ ಬಿಡದೆ ಉಳಿಸಿಕೊಂಡದ್ದು ಆ ಸದ್ದನ್ನು. ಹಾಡಿನಲ್ಲಿ ಅವಳು ಅದನ್ನೇ ಬಾಯಿಬಿಟ್ಟು ಹೇಳಿದ್ದಳು. ಮೂವತ್ತು ವರ್ಷ ಕೆಟ್ಟದ್ದನ್ನೇ ಹುಡುಕಿದ ಕಿವಿ ನನ್ನದು, ಅದಕ್ಕೆ ಹಾಡು ಬೀಳಲೇ ಇಲ್ಲ, ಬುಷ್ ಮಾತ್ರ ಬಿತ್ತು. ನನಗೆ ಅಷ್ಟು ನಾಚಿಕೆಯಾದದ್ದು ಇನ್ನೊಂದು ದಿನವಿಲ್ಲ.

ಚಂದ್ರು ಒಂದು ದಾರಿ ಹೇಳಿದ. ಆಲ್ಬಮ್ಮಿನಲ್ಲಿ ಸದ್ದು ಇದೆಯಲ್ಲ, ಅದನ್ನೇ ಸಿನಿಮಾಕ್ಕೆ ಅಂಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ. ಹುಲಿಗೆಮ್ಮ ಒಪ್ಪಲಿಲ್ಲ. ಸತ್ತ ಅವ್ವನ ಕೈಲಿ ತುಟಿ ಆಡಿಸಲೇನು ಎಂದು ಕೇಳಿದಳು. ಈ ಹಾಡಿಲ್ಲದಿದ್ದರೆ ಸಿನಿಮಾನೇ ಬೇಡ ಎಂದಳು.

ಅಲ್ಲಿಂದ ಮೂರು ವಾರ ನಾನು ಮಾಡಿದ ಕೆಲಸವನ್ನು ಯಾವ ಮೇಂಟೆನೆನ್ಸಿನವನೂ ಮಾಡಿರಲಾರ. ಚೆನ್ನಾಗಿರುವ ಮಷೀನನ್ನು ಕೆಡಿಸಲು ಹೊರಟೆ. ಚೀಲ ಮಾರಿದ್ದ ಗುಜರಿ ಅಂಗಡಿಗೆ ಓಡಿದೆ. ಚೀಲ ಆಗಲೇ ಬೇರೆ ಕಬ್ಬಿಣದ ಜೊತೆ ಸುರಿದಾಗಿತ್ತು. ಹೆಬ್ಬೆರಳಿನಷ್ಟು ಬುಷ್‌ಗಾಗಿ ರಾಶಿಯಲ್ಲಿ ಕೂತು ಹುಡುಕುತ್ತಿದ್ದರೆ ಅಂಗಡಿಯವನು ಕುರ್ಚಿ ತಂದುಕೊಟ್ಟ, ಎರಡನೆಯ ದಿನ ಚಹಾ ತರಿಸಿದ, ಮೂರನೆಯ ದಿನ ತಾನೂ ಹುಡುಕಲು ಕೂತ. ಸಿಗಲಿಲ್ಲ. ಬೀದಿಯ ಲೇತಿನವನ ಹತ್ತಿರ ಹೋಗಿ, ಮೂವತ್ತು ವರ್ಷ ಸವೆದ ಬುಷ್ ಒಂದು ಮಾಡಿಕೊಡು ಎಂದೆ. ಎಷ್ಟು ಸವೆದಿರಬೇಕು, ಅಳತೆ ಹೇಳಿ ಸಾರ್ ಎಂದ. ಅಳತೆ ಹೇಳಲಾಗದೆ ಬಾಯಿಂದ ಕಿರ್ ಎಂದು ತೋರಿಸಿದೆ. ಅವನೂ ಅವನ ಕೆಲಸದವರೂ ಗೌರವದಿಂದ ನಗದೆ ನಿಂತರು.

ಮಾಡಿಸಿದ ಬುಷ್ ಹಾಕಿದರೆ ಟಕ ಟಕ ಎಂದಿತು. ಎಣ್ಣೆ ತೊಳೆದು ತೆಗೆದರೆ ಕೀಂ ಎಂದು ಕೂಗಿತು. ಬೂದಿ ಸವರಿದೆ, ನೀರು ಚಿಮುಕಿಸಿ ತುಕ್ಕಿಗೆ ಕಾದೆ. ಕೊನೆಗೊಂದು ಸಂಜೆ ಸದ್ದು ಸುಮಾರು ಅದೇ ಥರ ಬಂತು. ಹುಲಿಗೆಮ್ಮ ಕೆಲಸದಿಂದ ಬಂದವಳು, ಹೆಗಲಿನ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತು ಕೇಳಿದಳು. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ ಸಣ್ಣಗೆ ನಕ್ಕಳು.

"ಇಕಿ ಯಾರೋ ಬ್ಯಾರೆಯವ್ರ ಅವ್ವ ಅದಾಳ್ರೀ ಕಾಕಾರ."

ನನ್ನ ಕೈಯಿಂದ ಸ್ಪ್ಯಾನರು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಮಷೀನನ್ನು ಮೊದಲು ಮಾಡಿದ ಹಾಗೆಯೇ ಮಾಡಿಕೊಡಿ, ಎಣ್ಣೆ ಬಿಡಿ, ಭಾನುವಾರ ಹಾಡುತ್ತೇನೆ ಎಂದಳು. ಹೇಗೆ ಹಾಡುತ್ತೀಯಮ್ಮ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಆ ಭಾನುವಾರ ನಾನು ಮೆಟ್ಟಿಲ ಮೇಲೆ ಕೂತು ಕೇಳಿದೆ. ಅವಳ ಕಾಲು ಏಳುತ್ತಿತ್ತು, ಇಳಿಯುತ್ತಿತ್ತು. ಸದ್ದು ಇರಬೇಕಾದ ಕಡೆ ಏನೂ ಇರಲಿಲ್ಲ. ಆ ಖಾಲಿಯನ್ನು ಅವಳು ತುಂಬಲೂ ಇಲ್ಲ, ಬಳೆಯ ಸದ್ದೂ ಬರದ ಹಾಗೆ ಬಿಟ್ಟುಕೊಟ್ಟಳು. ನಿನ್ನ ಕಾಲು ಮಲಗಿದ್ದು ಯಾವಾಗ ಎಂಬಲ್ಲಿಗೆ ಆಲ್ಬಮ್ಮಿನಲ್ಲಿ ಹಾಡು ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ. ಕಾಲು ನಿಲ್ಲಿಸಿ, ಇನ್ನೊಂದು ಸಾಲು ಹಾಡಿದಳು:

ಎಣ್ಣಿ ಬಿಟ್ಟಾರವ್ವ, ಕಾಲು ಚಾಚಿ ಮಲಗಿನ್ನ.

ಚಂದ್ರು ಕ್ಯಾಮೆರಾ ನಿಲ್ಲಿಸುವುದನ್ನು ಮರೆತ. ನನ್ನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಅತ್ತೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಸಂಘದ ಸಭೆ ನಡೆದದ್ದು ಒಂದು ಸಮುದಾಯ ಭವನದಲ್ಲಿ. ಕುರ್ಚಿ ಸಾಲದೆ ಅರ್ಧ ಜನ ಜಮಖಾನದ ಮೇಲೆ ಕೂತಿದ್ದರು. ಹೆಚ್ಚಿನವರು ಆಲ್ಬಮ್ಮನ್ನು ಆಗಲೇ ಫೋನಿನಲ್ಲಿ ಕೇಳಿದ್ದವರು, ಹಾಗಾಗಿ ಆರನೆಯ ಹಾಡಿಗೆ ಆ ಕಿರ್ ಸದ್ದು ಬರುತ್ತದೆಂದು ಕಾದರು. ತೆರೆಯ ಮೇಲೆ ಕಾಲು ತುಳಿಯಿತು, ಸದ್ದು ಬರಲಿಲ್ಲ. ಸಭೆ ಒಮ್ಮೆ ಕದಲಿತು. ಕೊನೆಯ ಸಾಲು ಬಂದಾಗ ನಮ್ಮ ಮುಂದೆ ಜಮಖಾನದ ಮೇಲೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು, ತಮಗೇ ಗೊತ್ತಿಲ್ಲದ ಹಾಗೆ, ಮಡಚಿದ್ದ ಕಾಲು ಬಿಚ್ಚಿ ನೀಳವಾಗಿ ಚಾಚಿದರು. ಅವರನ್ನು ನೋಡಿ ಪಕ್ಕದವರೂ ಚಾಚಿದರು. ಆ ಹುಡುಗಿ ನಮ್ಮ ಮಾಳಿಗೆಯ ಮೇಲಿರುವವಳು ಎಂದು ಎದ್ದು ನಿಂತು ಕೂಗಬೇಕೆನಿಸಿತು. ಹೆಂಡತಿ ಮೊಣಕೈ ಹಿಡಿದುಕೊಂಡಿದ್ದರಿಂದ ಕೂತೆ.

ಕೊನೆಯಲ್ಲಿ ಹೆಸರುಗಳು ಬಂದವು. ಹಾಡು: ಹುಲಿಗೆಮ್ಮ. ಕ್ಯಾಮೆರಾ: ಚಂದ್ರು. ಕೌದಿ: ಅವ್ವ. ಅದರ ಕೆಳಗೆ, ಎಣ್ಣೆ: ಲಗ್ಗೆರೆ ಕಾಕಾ. ಸಭೆಯಲ್ಲಿ ನಗುವೆದ್ದಿತು, ಚಪ್ಪಾಳೆಯೂ ಬಿತ್ತು. ಕಾರ್ಖಾನೆಯವರು ನಿವೃತ್ತಿಯ ದಿನ ನನಗೆ ಹಾರ ಹಾಕಿ ಗೋಡೆ ಗಡಿಯಾರ ಕೊಟ್ಟಿದ್ದಾರೆ. ಆದರೆ ಒಂದು ಕೆಲಸದ ಕೆಳಗೆ ನನ್ನ ಹೆಸರು ಬಿದ್ದದ್ದು ಅದೇ ಮೊದಲು. ಅದೂ ನಾನು ಕೆಡಿಸಿದ ಕೆಲಸ, ಅವಳು ಸರಿಮಾಡಿದ್ದು.

ಈಗ ಹುಲಿಗೆಮ್ಮ ನಮ್ಮ ಮಾಳಿಗೆಯ ಮೇಲಿಲ್ಲ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಸ್ಯಾಂಪಲ್ ಹೊಲಿಯುವ ಕೆಲಸ ಸಿಕ್ಕಿ ಅಲ್ಲೇ ರೂಮು ಮಾಡಿದ್ದಾಳೆ. ಸ್ಯಾಂಪಲ್ ಎಂದರೆ ಕಾಲರಿನಿಂದ ಗುಂಡಿಯವರೆಗೆ ಇಡೀ ಅಂಗಿ ಒಬ್ಬಳೇ ಹೊಲಿಯುವುದು. ಮೊನ್ನೆ ಆಟೋ ಇಳಿದವನೇ ಅವಳಿಗೆ ಫೋನ್ ಮಾಡಿ, ನಿನ್ನ ಹಾಡು ಆಟೋದಲ್ಲಿ ಓಡಾಡುತ್ತಿದೆ ಎಂದೆ. ಹೌದೇನ್ರಿ ಎಂದಳು, ಅಷ್ಟೇ. ಹೊಸ ಹಾಡುಗಳು ಶುರುವಾಗಿವೆಯಂತೆ. "ಭಾನುವಾರ ಬರ್ರಿ ಕಾಕಾರ. ಎಣ್ಣಿ ಡಬ್ಬಿ ಮನ್ಯಾಗ ಇಟ್ಟು ಬರ್ರಿ" ಎಂದಳು.

ನುಗ್ಗೆಕಾಯಿ ಹುಳಿಯ ಡಬ್ಬಿ ಹಿಡಿದು, ಮೆಟ್ರೊ ಬದಲಿಸಿ ನಾವಿಬ್ಬರೂ ಬೊಮ್ಮಸಂದ್ರಕ್ಕೆ ಹೋದೆವು. ಊಟವಾದ ಮೇಲೆ ಅವಳು ಹಾಡಿದಳು. ಕಿಟಕಿಯ ಹೊರಗೆ ಶಿಫ್ಟ್ ಬಿಟ್ಟ ಬೈಕುಗಳ ಸದ್ದು, ಎಲ್ಲೋ ಒಂದು ಕಂಪ್ರೆಸರು. ಹಾಡಿನ ನಡುವೆ ಒಂದು ಕಡೆ ಅವಳ ದನಿ ಒಡೆದು, ಒಂದು ಉಸಿರು ತಪ್ಪಿ, ಮತ್ತೆ ಮುಂದೆ ಹೋಯಿತು. ನನ್ನ ಕಿವಿ ತಕ್ಷಣ ಅಲ್ಲಿಗೆ ಹೋಗಿ ನಿಂತಿತು. ಹಳೆಯ ಚಾಳಿ, ಎಲ್ಲಿ ಹೋಗುತ್ತದೆ?

ಮುಗಿಸಿ, ಎಲ್ಲಿ ತಪ್ಪಾಗಿದೆ ಹೇಳ್ರಿ ಕಾಕಾರ ಎಂದಳು.

"ಇನ್ನೊಂದ್ಸಲ ಹಾಡಮ್ಮ" ಎಂದೆ.

ಅವಳು ಹಾಡಿದಳು. ಆ ಜಾಗದಲ್ಲಿ ದನಿ ಮತ್ತೆ ಒಡೆಯಿತು. ನಾನು ಕೇಳುತ್ತಾ ಕೂತೆ.